ಬನಿ

ಶನಿವಾರ ಬೆಳಗ್ಗೆ ತಬಿಲೀಸಿಯ ಒಣಸೇತುವೆಯಲ್ಲಿ
ಹಾಸಿಗೆಬಟ್ಟೆ ಹಾಸಿ ಒಂದು ಸಾಮ್ರಾಜ್ಯವನ್ನೇ ಮಾರಾಟಕ್ಕಿಟ್ಟಿದ್ದರು:
ಪದಕ, ಗ್ಯಾಸ್‌ಮಾಸ್ಕು, ಹಲ್ಲುಪುಡಿಯ ಡಬ್ಬಿ,
ಯಾರದೋ ಮದುವೆಯ ಆರು ಚಮಚಗಳಲ್ಲಿ ಉಳಿದ ನಾಲ್ಕು.
ನಾನು ಮೈಕು ಹುಡುಕುತ್ತಿದ್ದೆ.

ಮಾರುವವನು ಝೌರ್, ಮೂವತ್ತು ವರ್ಷ ರೇಡಿಯೊ ನಿಲಯದಲ್ಲಿ
ಬೇರೆಯವರ ಕೆಮ್ಮು ಕತ್ತರಿಸಿದವನು.
"ಏನು ಹಿಡಿಯಬೇಕು?"
"ಮೂರು ದನಿ."
"ಮೂರು ಜನವೇ?"
"ಇಲ್ಲ, ನಾನೊಬ್ಬನೇ."
ತಲೆಯೆತ್ತಿ ನೋಡಿದ. ಕೇಳದೆಯೇ ಬೆಲೆ ಇಳಿಸಿದ.

ಮುಂದಿಟ್ಟದ್ದು ಎರಡು. ಒಂದು ಹೊಚ್ಚ ಹೊಸದು,
ಡಬ್ಬಿಯ ಮೇಲೆ ಕೂದಲು ಹಾರಿಸಿಕೊಂಡ ಹುಡುಗಿ.
ಇನ್ನೊಂದು ಹಿತ್ತಾಳೆಯದು, ಸೇರು ತೂಕ, ಪಕ್ಕೆಯಲ್ಲಿ ನೆಗ್ಗು.
"ಹೊಸದಕ್ಕೆ ಎಲ್ಲವೂ ಕೇಳುತ್ತದೆ,
ಪಕ್ಕದ ಮನೆಯಲ್ಲಿ ಬಟಾಣಿ ಬೇಯುವುದೂ.
ಇದು ಅರ್ಧ ಕಿವುಡು. ಹತ್ತಿರ ಬಾ ಅನ್ನುತ್ತದೆ.
ಮನೆಯಲ್ಲಿ ಹಾಡುವವನಿಗೆ ಅರ್ಧ ಕಿವುಡೇ ವಾಸಿ,
ಮೈಕಾದರೂ ಸರಿ, ನೆರೆಯವರಾದರೂ ಸರಿ.
ಕೇಬಲ್ ಮಾತ್ರ ಹೊಸದು ತಗೋ."
ಹಿತ್ತಾಳೆಯದನ್ನೇ ಕೊಂಡೆ.

ಪಂದೂರಿ ಕೊಳ್ಳಲಿಲ್ಲ. ಅಂಗಡಿಯಲ್ಲಿ ತೂಗುತ್ತಿದ್ದವು
ಪ್ರವಾಸಿಗರಿಗೆಂದೇ ಬಣ್ಣ ಬಳಿಸಿಕೊಂಡವು.
ಮನೆಯದು ಹಿಪ್ಪುನೇರಳೆ ಮರದ್ದು, ಮೂರು ತಂತಿ.
ನಡುವಿನ ಬಿರಡೆ ಜಾರುತ್ತದೆ; ಸೀಮೆಸುಣ್ಣ ಒರೆಸಿದರೆ
ಒಂದು ಹಾಡಿನ ಮಟ್ಟಿಗೆ ಮಾತು ಕೇಳುತ್ತದೆ.

ತಂಗಿಯ ಮಗಳು ತೆಕ್ಲೆ ಸಾಲ ಕೊಟ್ಟದ್ದು
ಎರಡು ತೂತಿನ ಪುಟ್ಟ ಪೆಟ್ಟಿಗೆ, ಹೆಡ್‌ಫೋನು, ಮತ್ತೆ ಒಂದು ನಿಯಮ:
"ಮಾವ, ಕೆಂಪು ದೀಪ ಉರಿಯುವಾಗ ಬೈಯಬೇಡ."

ಗ್ಲ್ದಾನಿಯ ಎಂಟನೇ ಮಹಡಿ. ಬಟ್ಟೆಯ ಬೀರುವೇ ಸ್ಟುಡಿಯೊ.
ಮೂರು ತಲೆಮಾರಿನ ಕೋಟುಗಳಲ್ಲಿ ಮುಖ ಹುದುಗಿಸಿ,
ನುಸಿಗುಳಿಗೆಯ ವಾಸನೆ ಕುಡಿಯುತ್ತ
ಮೇಲುದನಿ ಹಾಡಿದೆ. ಅದು ಜೆಮಾಲನದು,
ಅವನೀಗ ಪೋಲೆಂಡಿನಲ್ಲಿ ಯಾರದೋ ಬಚ್ಚಲಿಗೆ ಟೈಲ್ಸ್ ಹಾಕುತ್ತಾನೆ.
ಅಲ್ಲಲ್ಲಿ ಒಡೆಯಿತು. ಇರಲಿ.
ನಡುದನಿ ನನ್ನದೇ, ನಲವತ್ತು ವರ್ಷ ಮೆಟ್ಟಿದ ಚಪ್ಪಲಿ.
ಕೆಳದನಿಗೆ ನಮ್ಮ ಮಾತಿನಲ್ಲಿ ಬನಿ ಅನ್ನುತ್ತೇವೆ.
ನನ್ನ ಗಂಟಲಲ್ಲಿ ಬನಿ ಇಲ್ಲ.
ತೆಕ್ಲೆ ಏನೋ ಒತ್ತಿ ನನ್ನ ದನಿಯನ್ನೇ ಕೆಳಗಿಳಿಸಿದಳು:
ಪೀಪಾಯಿಯಲ್ಲಿ ಸಿಕ್ಕಿಬಿದ್ದ, ನೆಗಡಿಯಾದ ಕರಡಿ.
ಇಬ್ಬರೂ ನಕ್ಕೆವು. ಅವಳು ಹೋದಮೇಲೆ ನಗು ಬರಲಿಲ್ಲ.

ಬನಿ ಇರುವುದು ಒಂಬತ್ತನೇ ಮಹಡಿಯಲ್ಲಿ. ಬೊಂದೊ.
ಕಾರು ನಿಲ್ಲಿಸುವ ಎರಡು ಮಾರು ಜಾಗಕ್ಕೆ
ಆಡಿದ ಮಾತು ನಾಲ್ಕು, ಆಡದ ವರ್ಷವೂ ನಾಲ್ಕು.
ಈಗ ಕಾರು ಅವನಲ್ಲೂ ಇಲ್ಲ, ನನ್ನಲ್ಲೂ ಇಲ್ಲ.

ಎಷ್ಟು ಕಂಬಳಿ ಹೊದಿಸಿದರೂ ರಾತ್ರಿ ಹನ್ನೊಂದಕ್ಕೆ
ಆ ಅರ್ಧ ಕಿವುಡಿಗೂ ಕೇಳುವಂತೆ
ಗೋಡೆಯೊಳಗಿಂದ ಒಂದು ನರಳಾಟ. ಲಿಫ್ಟು.
ಇಪ್ಪತ್ತು ತೆತ್ರಿ ನುಂಗಿಸಿದರೆ ಮಾತ್ರ ಏಳುವ ಮುದಿಪ್ರಾಣಿ,
ತಳದಿಂದ ತುದಿಯತನಕ ಕದಲದ ಒಂದೇ ಸ್ವರ.
ಮೂರು ರಾತ್ರಿ ಅದನ್ನು ಅಳಿಸಿದೆ.
ನಾಲ್ಕನೆಯ ರಾತ್ರಿ ಸೀಮೆಸುಣ್ಣ ತಗೊಂಡು
ಪಂದೂರಿಯನ್ನೇ ಲಿಫ್ಟಿನ ಶ್ರುತಿಗೆ ತಂದೆ.
ಕೂತಿತು. ಎಳ್ಳಷ್ಟೂ ಆಚೀಚೆಯಿಲ್ಲ.
ಆ ಹೊತ್ತಿಗೆ ಒಂಬತ್ತರತನಕ ಹೋಗುವವನು ಒಬ್ಬನೇ,
ಬೇಕರಿಯ ಸಂಜೆಪಾಳಿ ಮುಗಿಸಿಕೊಂಡು.

ಇವತ್ತು ಬೀರುವಿನ ಬಾಗಿಲು ತೆರೆದಿಟ್ಟೆ.
ಮೈಕಿನ ಮುಖವನ್ನು ಹೊರಬಾಗಿಲಿಗೆ ತಿರುಗಿಸಿದೆ.
ಹನ್ನೊಂದಾಯಿತು. ಲಿಫ್ಟು ಏಳಲಿಲ್ಲ.
ಮೆಟ್ಟಿಲ ಮೇಲೆ ಹೆಜ್ಜೆ. ಚಿಲ್ಲರೆ ಇರಲಿಲ್ಲವೋ ಏನೋ.
ಐದು, ಆರು, ಏಳು; ಎಂಟರಲ್ಲಿ ನಿಂತಿತು
ನನ್ನ ಬಾಗಿಲಾಚೆ, ದಣಿವಾರಿಸಿಕೊಳ್ಳಲು.
ಪರದೆಯ ಹಸಿರು ಗೆರೆ ಆ ಏದುಸಿರಿಗೆ ಏರಿಳಿಯುತ್ತಿದೆ.
ನನ್ನ ಜೇಬಿನಲ್ಲಿ ಇಪ್ಪತ್ತು ತೆತ್ರಿಯ ನಾಣ್ಯವೊಂದಿದೆ.
ಕೆಂಪು ದೀಪ ಉರಿಯುತ್ತಿದೆ.
ಬೈಯುವ ಹಾಗಿಲ್ಲ.