ಎರಡು ಸುತ್ತು

ಡೆಂಜಿಲ್ ಅಂಕಲ್‌ಗೆ ಬೇಕಿದ್ದದ್ದು ಸೀಸ.
ಅಪ್ಪನ ಹತ್ತಿರ ಇದ್ದದ್ದೂ ಅದೇ:
ಅಚ್ಚುಕೂಟಕ್ಕೆ ಬೀಗ ಬಿದ್ದ ಮೇಲೆ
ಮಂಚದಡಿ ಸೇರಿದ ಮೊಳೆಗಳು,
ಒತ್ತಕ್ಷರಗಳದ್ದೇ ಬೇರೆ ಪೆಟ್ಟಿಗೆ.

ಕುಕ್‌ಟೌನಿನ ಆ ಓಣಿಯಲ್ಲಿ ನಮ್ಮದೂ ಅವರದೂ
ಒಂದೇ ಗೋಡೆ.
ಬಂದವರು ಒಂದು ‘ಳ’ ಎತ್ತಿಕೊಂಡು
ಹೆಬ್ಬೆರಳ ಉಗುರು ಒತ್ತಿದರು.
ಇಳಿಯಲಿಲ್ಲ.
“ತುಂಬಾ ಗಟ್ಟಿ, ಸಿಂಗ್ರಯ್ಯ. ನಮ್ಮ ತಾತನ ಬಂದೂಕಕ್ಕೆ
ಮೆತ್ತಗಿರೋದು ಬೇಕು, ಬೆಣ್ಣೆ ಥರ.
ಇದು ಓದೋಕೆ ಮಾತ್ರ.”
ಬೀಗ ಹಾಕಿದ ಮೇಲೆ ಅಪ್ಪ ನಕ್ಕದ್ದು ಅವತ್ತೇ.
ನಗುವಾಗ ಒಸಡಿನ ನೀಲಿ ಗೆರೆ ಕಂಡಿತು,
ಮೂವತ್ತೊಂದು ವರ್ಷ ಮೊಳೆ ಜೋಡಿಸಿದವನಿಗೆ
ಮೈಯೊಳಗೇ ಎಳೆದ ಅಡಿಗೆರೆ.
ಬೆಲ್ಲ ತಿಂದರೆ ಹೋಗುತ್ತದೆ ಅನ್ನುತ್ತಿದ್ದ.
ತಿನ್ನುತ್ತಲೇ ಇದ್ದ.

ಸೀಸ ಕೊನೆಗೆ ಸಿಕ್ಕಿದ್ದು ಶಿವಾಜಿನಗರದ ಗುಜರಿಯಲ್ಲಿ:
ಯಾವುದೋ ಆಸ್ಪತ್ರೆಯ ಎಕ್ಸ್‌ರೇ ಕೋಣೆಯ
ಗೋಡೆಗೆ ಹೊದಿಸಿದ್ದ ತಗಡು.
ಎಷ್ಟು ಜನರ ಎಲುಬು ನೋಡಿತ್ತೋ.
ನಮ್ಮ ಮನೆಯಿಂದ ಹೋದದ್ದು ಕಾಗದ ಮಾತ್ರ,
ಪ್ರೂಫಿನ ತೆಳ್ಳನೆ ಬಾಂಡು, ಎರಡು ರೀಮು.
ಅದರ ಜೊತೆ ನಾನು,
ಹನ್ನೊಂದು ವರ್ಷದ ಬೆರಳಿಗೆ ನಡುಕವಿಲ್ಲ ಎಂದು.

ಶನಿವಾರ ಹಿತ್ತಲಲ್ಲಿ ಪಂಪ್ ಸ್ಟವ್ವಿನ ಅಬ್ಬರ.
ಚರ್ಚಿನಿಂದ ತಂದ ಮೇಣದ ತುಂಡು ಬಿಟ್ಟರೆ
ಕಸವೆಲ್ಲ ಮೇಲೆ. ಕೆಳಗೆ
ಮುಖ ನೋಡಿಕೊಳ್ಳುವಷ್ಟು ಶುಭ್ರ.
ಅಚ್ಚು ಬಿಸಿಯಾಗುವ ಮುಂಚಿನ ಗುಂಡೆಲ್ಲ ಸುಕ್ಕು,
ಅಜ್ಜಿಯ ಮೊಣಕೈ. ಮರಳಿ ಬಾಣಲೆಗೆ.
‘ಅಚ್ಚು’ ಅಂದರೆ ಅವರಿಗೊಂದು, ನಮಗೊಂದು
ಎಂದು ಗೊತ್ತಾಗಲು ನನಗೆ ಒಂದು ಬೇಸಿಗೆ ಬೇಕಾಯಿತು.

ನನ್ನ ಕೆಲಸ ಸುತ್ತುವುದು.
ಓರೆಯಾಗಿ ಕತ್ತರಿಸಿದ ಪಟ್ಟಿ, ಬಟ್ಟಲು ನೀರಲ್ಲಿ ಅದ್ದಿ
ಗುಂಡಿನ ಸೊಂಟಕ್ಕೆ ಎರಡು ಸುತ್ತು.
ಬಾಲವನ್ನು ಪೆಪ್ಪರ್‌ಮಿಂಟಿನ ಹಾಗೆ ತಿರುಚು.
ತುದಿಗೆ ತುದಿ ತಾಗಬೇಕು, ಮೇಲೆ ಹತ್ತಬಾರದು.
“ನಿಮ್ಮನೆ ನಮ್ಮನೆ ಥರ, ಕಣಮ್ಮ.”
ನಾಲಿಗೆಯಲ್ಲಿ ಒದ್ದೆ ಮಾಡಹೋದರೆ ಕೈಮೇಲೆ ಏಟು.
“ನಿಮ್ಮಪ್ಪನ್ನ ನೋಡಿದೀಯಲ್ಲ.”

ಭಾನುವಾರ ಪೂಸೆ ಮುಗಿಸಿ ಅವರು ರೇಂಜಿಗೆ,
ಸ್ಕೂಟರಿನ ಹಿಂದೆ ನಾನು.
ಗುರಿ ಎಲ್ಲಿತ್ತೋ, ನಾನೆಂದೂ ನೋಡಲಿಲ್ಲ.
ಢಂ ಎಂದಾಗ ನಳಿಗೆಯ ಬಾಯಿಂದ ಹತ್ತು ಹೆಜ್ಜೆಗೆ
ನಾನು ಸುತ್ತಿದ್ದೆಲ್ಲ ಬಿಚ್ಚಿ ಉದುರುತ್ತಿತ್ತು
ಮದುವೆ ಮನೆ ಮುಂದಿನ ಚೂರುಗಳ ಹಾಗೆ.
ಗುಂಡು ಬರಿಮೈಯಲ್ಲಿ ಹೋಗುತ್ತಿತ್ತು.
ಬಾವುಟ ಇಳಿಸಿದ ಮೇಲೆ ಓಡಿ ಆಯ್ದು ತರಬೇಕು.
ಬೋರ್ಡಿನ ತೂತಿಗಿಂತ ಹೆಚ್ಚು ಹೊತ್ತು
ಅವರು ಆ ಚೂರುಗಳನ್ನೇ ಓದುತ್ತಿದ್ದರು,
ಕನ್ನಡಕ ಹಣೆಗೇರಿಸಿ, ಮೂಗಿಗೆ ಹಿಡಿದು.
ನೇರ ಸೀಳಿದ್ದರೆ ನನಗೆ ಐದು ರೂಪಾಯಿ.
ಸುಟ್ಟಿದ್ದರೆ ದಾರಿಯುದ್ದಕ್ಕೂ ಮೌನ.

ಅಪ್ಪ ಹೋದ. ಮೊಳೆ ಕಿಲೋ ಲೆಕ್ಕದಲ್ಲಿ ಹೋಯಿತು.
ಡೆಂಜಿಲ್ ಅಂಕಲ್ ಹೋದ ಮಾರನೇ ವಾರ
ಬಂದೂಕನ್ನು ನಾನೇ ಠಾಣೆಗೆ ಒಪ್ಪಿಸಿದೆ.
ಹಿಡಿಗೆ ಚೀಟಿ ಕಟ್ಟಿದರು,
ಹೆಸರಲ್ಲಿ ಎರಡು ತಪ್ಪು.

ಮೊನ್ನೆ ಅಟ್ಟದ ಹಾರ್ಲಿಕ್ಸ್ ಬಾಟಲಿಯಲ್ಲಿ
ಹತ್ತಿಯ ಮೇಲೆ ಮಲಗಿದ್ದವು ಒಂಬತ್ತು,
ಮದ್ದು ಕಾಣದವು.
ಒಂದನ್ನು ನೆನೆಸಿ ಬಿಚ್ಚಿದೆ.
ಬರಿ ಹಾಳೆ ಮುಗಿದ ದಿನ ನಾನು ಕದ್ದಿದ್ದ ಪ್ರೂಫು:
ಯಾರದೋ ಲಗ್ನಪತ್ರಿಕೆ, ವಧುವಿನ ಊರು ‘ಬಳಾರಿ’.
ಅಪ್ಪನ ಕೆಂಪು ಪೆನ್ಸಿಲ್ಲು,
ಪಕ್ಕದಲ್ಲಿ ಬಿಟ್ಟುಹೋದ ಒಂದು ಒತ್ತು.
ಇಷ್ಟು ವರ್ಷ ಸೀಸಕ್ಕೆ ಅಂಟಿಕೊಂಡೇ
ತಿದ್ದಿಸಿಕೊಳ್ಳಲು ಕಾಯುತ್ತಿತ್ತು.

ಗುಂಡಿಗೆ ಹೆಬ್ಬೆರಳ ಉಗುರು ಒತ್ತಿದೆ.
ಇಳಿಯಿತು.

ಎದ್ದು ಹೋಗಿ ಕೈ ತೊಳೆದುಕೊಂಡೆ,
ಎರಡು ಸಲ.