ಅರಸೀಕೆರೆಯಲ್ಲಿ ವಾರದ ರಜೆ

ಭಾವ ಕಳಿಸಿದ ಪುಸ್ತಕ. ಹೊದಿಕೆಯ ಮೇಲೆ
ಸೂಟು ತೊಟ್ಟವಳೊಬ್ಬಳು ಮೆಟ್ಟಿಲು ಹತ್ತುತ್ತಾಳೆ.
ಮೊದಲ ಪಾಠ: ಗೆಲ್ಲಬೇಕೆ, ಐದಕ್ಕೆ ಏಳಿ.
ನಗು ಬಂತು. ಐದಕ್ಕೆ ನಾನು
ಬೀರೂರು ದಾಟಿರುತ್ತೇನೆ,
ಬೆನ್ನ ಹಿಂದೆ ನಲವತ್ತೆರಡು ವ್ಯಾಗನ್ನು ಗೊಬ್ಬರ.

ಎರಡನೇ ಪಾಠಕ್ಕೆ ಹೋಗಲಿಲ್ಲ. ಒಗೆಯುವುದಿತ್ತು.
ಗ್ರೀಸು ಹತ್ತಿದ ಅಂಗಿ ತಂತಿಗೆ ಹಾಕಿ
ತಾರಸಿಯ ಟ್ಯಾಂಕಿನ ನೆರಳಲ್ಲಿ ಕೂತೆ,
ತೊಡೆಯ ಮೇಲೆ ರೈಲ್ವೆಯ ನಿಯಮಗಳ ಪುಸ್ತಕ.
ಬರುವ ತಿಂಗಳು ಪರೀಕ್ಷೆ.
ಪೈಲಟ್ಟಿನ ಸೀಟು ನನ್ನ ಸೀಟಿನಿಂದ ಎರಡೇ ಹೆಜ್ಜೆ.
ಆರು ವರ್ಷದಿಂದ ನಡೆಯುತ್ತಿದ್ದೇನೆ.

ಹೊದಿಕೆಯೇ ಕಿತ್ತುಹೋದ ಈ ಪುಸ್ತಕ
ಯಾರನ್ನೂ ಹುರಿದುಂಬಿಸುವ ಗೋಜಿಗೆ ಹೋಗದು.
ಒಂದು ಕಡೆ ಮಾತ್ರ ಪೆನ್ಸಿಲು ನಿಂತಿತು:
ಕಂಡ ಸಿಗ್ನಲ್ಲಿನ ಬಣ್ಣವನ್ನು ಜೊತೆಗಾರನಿಗೆ
ಗಟ್ಟಿಯಾಗಿ ಹೇಳತಕ್ಕದ್ದು.

ಗಟ್ಟಿಯಾಗಿ!
ಬಾಣಾವರದ ಮನೆಯಲ್ಲಿ ಅಜ್ಜಿ
ನನ್ನ ಓದಿನ ದನಿಗೂ ಸೆರಗು ಹೊದಿಸಿದವಳು:
ಹೆಣ್ಣಿನ ಗಂಟಲು ಬೀದಿಗೆ ಬೀಳಬಾರದು ಕಣೇ.
ತುಟಿ ಮಿಸುಕದೆ ಎಸ್ಸೆಲ್ಸಿ,
ತುಟಿ ಮಿಸುಕದೆ ಡಿಪ್ಲೊಮಾ.
ಮೊದಲ ಪಾಳಿಯ ರಾತ್ರಿ ಜಬೀವುಲ್ಲಾ ಸಾರ್
ಕಿವಿಗೆ ಕೈಯಾನಿಸಿ ಕೇಳಿದ್ದರು:
ಹಳದಿಯೋ ಹಸಿರೋ, ಏನಮ್ಮಾ?
ಇಂಜಿನ್ನಿಗೂ ಕೇಳಲಿ!

ಗಾಳಿ ಎದ್ದಿತು. ಹಾರುವ ಟಿಪ್ಪಣಿಗಳ ಮೇಲೆ
ಭಾವನ ಪುಸ್ತಕ ಇಟ್ಟೆ, ಒಳ್ಳೆ ತೂಕವಿದೆ.
ಎದ್ದು ನಿಂತು ಓದಿದೆ,
ಅಧ್ಯಾಯ ಪೂರ್ತಿ, ಗಂಟಲು ಬಿಚ್ಚಿ.

ಪಕ್ಕದ ತಾರಸಿಯಲ್ಲಿ
ಕೊಬ್ಬರಿ ತಿರುವುತ್ತಿದ್ದ ಸೊಸೆ, ಹೆಸರೂ ಗೊತ್ತಿಲ್ಲ,
ಬಗ್ಗಿದವಳು ನೆಟ್ಟಗಾದಳು.
ಆಮೇಲೆ, ಕೆಳಗಿನ ಮನೆಗೂ ಕೇಳುವಂತೆ:
"ಎರಡು ಹಳದಿ ಬಂದ್ರೆ ನಿಲ್ಲಬೇಕೇನ್ರೀ?"

"ಇಲ್ಲ," ಎಂದೆ. "ನಡೀಬೇಕು."