ಅರವತ್ತರವರೆಗೆ

ಕಲ್ಲು ಬಡಿಯಿತು. ಕಿಡಿ ಬಿತ್ತು.
ಬಟ್ಟಲಲ್ಲಿ ರಂಜಕ ಭುಗ್ಗೆಂದು ರಂಜಿಸಿ ಹೋಯಿತು.
ನಳಿಗೆಯೊಳಗಿನ ಮದ್ದು ಮಾತ್ರ
ಉಸಿರೆತ್ತಲಿಲ್ಲ.

"ಇಳಿಸಬೇಡ," ಅಂದಳು ವರ್ನಾ ಕ್ರೈಡರ್
ಬೆನ್ನ ಹಿಂದೆ, ಉಪ್ಪು ಕೊಡು ಎನ್ನುವಷ್ಟು ಮೆಲ್ಲಗೆ.
"ಬಾಯಿ ಗುರಿಯತ್ತಲೇ ಇರಲಿ. ಅರವತ್ತು ಎಣಿಸು."

ಒಂದು. ಎರಡು.
ಪೆನ್ಸಿಲ್ವೇನಿಯಾದ ಜನವರಿ, ಮೂಗಿನ ತುದಿಯಲ್ಲಿ ಹನಿ.
ಬಲಗಡೆ ಬೆಂಚಿನ ಹೈರಮ್
ಹೇಳಿಸಿಕೊಳ್ಳದೆ ಎರಡು ಹೆಜ್ಜೆ ಹಿಂದೆ ಸರಿದ:
ಕೋವಿಯ ಕಿವಿಯಿಂದ ಕಿಡಿ ಹಾರುವುದು ಅವನ ಕಡೆಗೇ.
ಬೆಳಿಗ್ಗೆ ನಾನವನನ್ನು ಮಾತಾಡಿಸಿಯೂ ಇರಲಿಲ್ಲ.

ಹತ್ತೊಂಬತ್ತು.
ಯಾರೋ ಮದ್ದಿನ ಕೊಂಬಿಗೆ ಬಿರಟೆ ಒತ್ತಿದ ಸದ್ದು.

ವರ್ನಾಳಿಗೆ ಬಲಹುಬ್ಬು ಇಲ್ಲ.
ಕೇಳಿದವರಿಗೆ ಅವಳು ಹೇಳುವುದಿಷ್ಟೇ:
"ಹನ್ನೊಂದಕ್ಕೇ ಎಣಿಕೆ ಬಿಟ್ಟಿದ್ದೆ."

ನಲವತ್ತು. ತೋಳು ನಡುಗುತ್ತದೆ.
ಇಡೀ ಸಾಲು ಕೋವಿ ಕೆಳಗಿಟ್ಟು ಕಾಯುತ್ತಿದೆ
ಒಬ್ಬರೂ ಗೊಣಗದೆ.

ಐವತ್ತೊಂಬತ್ತು.
ಅರವತ್ತು.
ಇನ್ನೂ ಐದು, ಅವಳ ಹುಬ್ಬಿಗೆ.

ಆಮೇಲೆ ತಂತಿ ತೂರಿಸಿ ಕಿವಿ ಬಿಡಿಸಿದೆ,
ಹೊಸದಾಗಿ ಚಿಟಿಕೆ ರಂಜಕ.
ಗುಡುಗಿತು.
ಗುಂಡು ಎಲ್ಲಿ ಹೋಯಿತೋ, ಹಲಗೆಗಂತೂ ತಾಗಲಿಲ್ಲ.

ಹೊಗೆ ಕರಗಿದಾಗ
ಹೈರಮ್ ತನ್ನ ಜಾಗದಲ್ಲಿದ್ದ.
ಗುಡ್ ಮಾರ್ನಿಂಗ್ ಅಂದೆ.
ಆಗಲೇ ಮಧ್ಯಾಹ್ನ ಎರಡು ಗಂಟೆ.